ಒಂದೇ ಗೆರೆ

“ಯಾರಮ್ಮಾ ಇದಕ್ಕೆ ಕೆಂಪು ಇಂಕು ಬಳ್ದೋಳು?”

ಟ್ಯೂಟರ್ ಮಂಗಳಮ್ಮ ರೋಗಿ ಹೊನ್ನಪ್ಪನ ಚಾರ್ಟನ್ನು ಎತ್ತಿ ಹಿಡಿದಾಗ ವಾರ್ಡಿನಲ್ಲಿದ್ದ ಹುಡುಗಿಯರೆಲ್ಲ ಯಶೋಧರಾಳ ಕಡೆ ತಿರುಗಿದರು. ಹದಿನೆಂಟರ ಹುಡುಗಿಯರ ನಡುವೆ ಇಪ್ಪತ್ತಾರು ವರ್ಷದ ಬಿ.ಎ. ಪದವೀಧರೆ ಅವಳೊಬ್ಬಳೇ. ಕೆ.ಆರ್. ಪೇಟೆ ಕಡೆಯ ಹೈಸ್ಕೂಲೊಂದರಲ್ಲಿ ನಾಲ್ಕು ವರ್ಷ ಪಾಠ ಹೇಳಿ, ಕೆಲಸ ಕಾಯಂ ಆಗದೆ, ತೊಂಬತ್ತಾರನೇ ಇಸವಿಯಲ್ಲಿ ಪಾಂಡವಪುರದ ಈ ನರ್ಸಿಂಗ್ ಕಾಲೇಜಿಗೆ ಸೇರಿದ್ದಳು. ಬಿಳಿ ಸಮವಸ್ತ್ರದ ಜೇಬಿನಲ್ಲಿ ಇನ್ನೂ ಹಳೆಯ ಕೆಂಪು ಪೆನ್ನಿತ್ತು. ಹುಟ್ಟುಗುಣ ಸುಟ್ಟರೂ ಹೋಗದು, ಮೇಷ್ಟ್ರುಗಿರಿಯೂ ಅಷ್ಟೇ.

ಹೊನ್ನಪ್ಪನಿಗೆ ಒಂದು ದಿನದಲ್ಲಿ ಎಷ್ಟು ಮೂತ್ರ ಹೋಯಿತೆಂಬುದನ್ನು ಬೆಳಿಗ್ಗೆ ಕೂಡಿದವಳು ಸೀನಿಯರ್ ಅರ್ಪಿತ. ಹಿಂದಿನ ದಿನದ ಸಾಲನ್ನೂ ಸೇರಿಸಿಕೊಂಡು, ಮುನ್ನೂರೈವತ್ತು ಎಂ.ಎಲ್. ಬರೆಯಬೇಕಾದಲ್ಲಿ ಎಂಟುನೂರೈವತ್ತು ಬರೆದಿದ್ದಳು. ಯಶೋಧರಾ ಅದಕ್ಕೆ ಕೆಂಪು ಸುತ್ತು ಹಾಕಿ, ಪರೀಕ್ಷೆ ಪೇಪರು ತಿದ್ದಿದಂತೆ ಪಕ್ಕದಲ್ಲಿ ಸರಿಯುತ್ತರ ಬರೆದಳು. ಅರ್ಪಿತ ಹತ್ತನೇ ತರಗತಿಯಲ್ಲಿ ಇವಳ ಶಿಷ್ಯೆಯೇ. ಈಗ ಅವಳು ಎದುರಿಗೆ ಬಂದರೆ ಇವಳು ಎದ್ದು ನಿಲ್ಲಬೇಕಿತ್ತು. ನಿಲ್ಲುತ್ತಲೂ ಇದ್ದಳು.

“ಇದು ನಿನ್ ಇಸ್ಕೂಲ್ ಪುಸ್ತಕ ಅಲ್ಲ ಕಣಮ್ಮಾ,” ಎಂದರು ಮಂಗಳಮ್ಮ. “ತಪ್ಪಾದ್ರೆ ಬರ್ದೋಳೇ ಒಂದ್ ಗೆರೆ ಎಳೀಬೇಕು. ಕೆಳಗಿಂದು ಕಾಣ್ಬೇಕು. ಪಕ್ಕದಲ್ಲಿ ಸೈನು. ಎಷ್ಟ್ ಸಲ ಯೋಳಿವ್ನಿ? ‘ಎಲ್ಲಾ ನಂದೇ ತಪ್ಪು’ ಅಂತ ಬರ್ಕೊಡು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು.”

‘ಬಿ.ಎ. ಓದಿ ಬೆಡ್‌ಪ್ಯಾನ್ ತೊಳೆಯೋಕೆ ಹೋದ್ಲು, ಅದೂ ಆಗ್ಲಿಲ್ಲ’ ಎನ್ನಲು ಊರಲ್ಲಿ ಜನ ಕಾದಿದ್ದರು. ಬಸ್ಸು ಹತ್ತಿಸುವಾಗ ಅವ್ವ ದ್ಯಾವಮ್ಮ ಹೇಳಿದ್ದು ಒಂದೇ ಮಾತು: “ಮುಗಿಸ್ಕೊಂಡೇ ಬಾ.” ಯಶೋಧರಾಳಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚು ಸಿಟ್ಟು ಬಂತು.

“ಕೆಂಪು ಇಂಕು ನನ್ ತಪ್ಪೇಯಾ, ಮೇಡಂ. ಬರ್ಕೊಡ್ತೀನಿ. ನಾನ್ ಕೂಡಿದ್ ಲೆಕ್ಕ ತಪ್ಪು ಅಂತ ಮಾತ್ರ ನನ್ ಕೈಲಿ ಬರ್ಸಾಕಾಗಕಿಲ್ಲ. ಈ ಯಜಮಾನ್ರಿಗೆ ಉಚ್ಚೆ ಸರ್ಯಾಗ್ ಓಯ್ತಿಲ್ಲ. ಮೊದ್ಲು ಡಾಕ್ಟ್ರಿಗೆ ಯೋಳಿ.”

“ಊಂ ಕಣವ್ವಾ,” ಹಾಸಿಗೆಯಿಂದ ಹೊನ್ನಪ್ಪ ನರಳಿದ. “ನನ್ನ ಒಂದ್ ಮಾತು ಕೇಳಿದ್ರೆ ನಾನೇ ಯೋಳ್ತಿದ್ನಲ್ಲ!”

ಮಂಗಳಮ್ಮ ಚಾರ್ಟಿನ ಸಾಲುಗಳ ಮೇಲೆ ಬೆರಳಿಟ್ಟು ತಾವೇ ಮತ್ತೊಮ್ಮೆ ಲೆಕ್ಕ ಕೂಡಿದರು. ಅವರ ಮುಖ ಸಣ್ಣಗಾಯಿತು. ಡಾಕ್ಟರನ್ನು ಕರೆಯಲು ಅರ್ಪಿತಳನ್ನು ಓಡಿಸಿದರು. ಹಾಗಂತ ಬಿಟ್ಟುಕೊಡುವ ಹೆಂಗಸಲ್ಲ ಅವರು; ಬಿಳಿ ಹಾಳೆಯೊಂದನ್ನು ಯಶೋಧರಾಳ ಮುಂದೆ ತಳ್ಳಿದರು.

ಅವಳು ಎರಡು ಸಾಲು ಬರೆದಳು. ಚಾರ್ಟಿನಲ್ಲಿ ಕೆಂಪು ಇಂಕಿನಿಂದ ಬರೆದದ್ದು ನನ್ನ ತಪ್ಪು. ಮೊತ್ತ ಮುನ್ನೂರೈವತ್ತು. ಕೆಳಗೆ ಹೆಸರು: ಸಿ. ಯಶೋಧರಾ, ಬಿ.ಎ.

ಮಂಗಳಮ್ಮ ಎರಡನೆಯ ಸಾಲಿನ ತಂಟೆಗೆ ಹೋಗಲಿಲ್ಲ. ಹೆಸರಿನ ಕೊನೆಯಲ್ಲಿ ಬೆರಳಿಟ್ಟರು. “ಇಲ್ಲಿ ಬಿ.ಎ. ಗಿ.ಎ. ನಡ್ಯಾಕಿಲ್ಲ. ಒಡ್ದಾಕು.”

ಯಶೋಧರಾ ನೀಲಿ ಪೆನ್ನು ತೆಗೆದುಕೊಂಡಳು. ಬಿ.ಎ. ಮೇಲೆ ಒಂದೇ ಒಂದು ಗೆರೆ ಎಳೆದಳು, ಕೆಳಗಿನ ಅಕ್ಷರ ಚೆನ್ನಾಗಿ ಕಾಣುವಂತೆ. ಪಕ್ಕದಲ್ಲಿ ಸೈನ್ ಮಾಡಿ ಹಾಳೆಯನ್ನು ಹಿಂದಕ್ಕೆ ಕೊಟ್ಟಳು.