ಕಟ್ಟಿದವಳ ಹೆಸರು

ಮೊರದ ಜೋಳದಲ್ಲಿ ಜೋಳದ ಬಣ್ಣದ್ದೇ ಒಂದು ಕಲ್ಲು, ಬೆರಳಿಗೆ ಸಿಕ್ಕಿತು, ಜಾರಿತು, ಕೊಟ್ರಮ್ಮ ಮತ್ತೆ ಹುಡುಕುತ್ತಾಳೆ — ಮಗ್ಗುಲಲ್ಲಿ ಫೋನು ಗುಂಯ್ ಅಂದಿತು, ರಾತ್ರಿ ಶಾಲೆಯಲ್ಲಿ ಕಲಿತ ಹೆಂಗಸರ ಗ್ರೂಪು, ಅದನ್ನು ನಡೆಸುವ ಶಿವಲೀಲಾ ಬರೆದಿದ್ದಾಳೆ, ನರಸಪ್ಪ ಮೇಷ್ಟ್ರು ಹೋಗಿ ಮೂರು ತಿಂಗಳಾತ್ರಿ, ಅವ್ರು ಕಲ್ಸಿದ ಕೈಲೆ ಎಲ್ಲಾರೂ ಒಂದೊಂದು ಸಾಲು ಬರೀರಿ. ಮೂರು ತಿಂಗಳು, ಅವತ್ತೂ ಇದೇ ಫೋನು, ಹಾರ ಹಾಕಿದ ಫೋಟೋ, ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲು, ನಡುವೆ ಚಿಪ್ಪಗಿರಿಯ ಜಂಬಮ್ಮ ಬರೆದಳು, ಈ ಮನುಷ್ಯ ನನ್ನ ಎಡಗೈ ಕಂಬಕ್ಕ ಕಟ್ಟಿಸಿದ್ದ, ನಾ ಕೈ ಮುಗಿಯಂಗಿಲ್ಲ. ಶುರುವಾಯಿತು — ಹೆಣ ಇನ್ನಾ ಮನ್ಯಾಗೈತಿ ಏನ್ ಮಾತವ್ವಾ ಇದು, ಚನಿಪೋಯಿನೋಳ್ಳನಿ ಅಲಾ ಅಂಟಾರಾ ಎಂದು ತೆಲುಗಿನಲ್ಲೊಬ್ಬಳು, ಸತ್ತವರನ್ನ ಹಂಗಂತಾರಾ ಅಂತ, ಎಡಚಿ, ಆಕಿ ಬುದ್ಧೀನೂ ಎಡವಟ್ಟ ಎಂದು ಹುಲುಗಮ್ಮ ನಗುವ ಮುಖ ಬೇರೆ ಹಾಕಿದಳು, ಸತ್ತವರ ಫೋಟೋದ ಕೆಳಗೇ ನಗು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ, ಅದು ಹೆಂಗೆ ನಡೆಯಿತೋ ತಿಳಿಯದು — ಆಮೇಲೆ ಒಬ್ಬಳು ಬರೆದಳು, ಕೊಟ್ರಮ್ಮಕ್ಕಾ, ನೀವು ಆಕಿ ಬಾಜೂಕ ಕುಂದರ್ತಿದ್ರಿ, ನೀವ ಹೇಳ್ರಿ, ಖರೇನೋ ಸುಳ್ಳೋ. ಖರೇ, ಎರಡೇ ಅಕ್ಷರ, ಬೆರಳು ಖ ತನಕ ಹೋಯಿತು, ಎಲ್ಲರೂ ಕಾಯ್ದುಕೊಂಡು ಕೂತಿದ್ದಾರೆ ಅನ್ನಿಸಿ ಕೈಮುಗಿದ ಚಿತ್ರ ಒತ್ತಿಬಿಟ್ಟಳು, ಅಷ್ಟೇ ಸಾಕಾಯಿತು, ಜಂಬಮ್ಮನನ್ನು ತೆಗೆದುಹಾಕಿದರು, ಈಗ ಆಕೆ ಫೋನೂ ಎತ್ತುವುದಿಲ್ಲ. ಮೇಷ್ಟ್ರು ಕೆಟ್ಟವರೇನು, ಕರೆಂಟು ಹೋದರೆ ಕಂದೀಲು ಹಿಡಿದು ನಿಂತವರು, ನಲವತ್ತರ ಹೆಂಗಸಿಗೆ ಬೇಸರವಿಲ್ಲದೆ ಅಕ್ಷರ ತಿದ್ದಿಸಿದವರು, ಸರಸ್ವತಿ ಎಡಗೈಗೆ ಒಲಿಯಂಗಿಲ್ಲ, ಕಟ್ಟು ಆಕಿ ಕೈನ ಅಂದವರೂ ಅವರೇ, ಎರಡೂ ಒಬ್ಬರೇ ಹೆಂಗಾದಾರು, ಆ ಹೊತ್ತಿನಲ್ಲಿ ಜಂಬಮ್ಮ ಅನ್ನಬಾರದಿತ್ತೇ, ಮತ್ಯಾವಾಗ ಅನ್ನಬೇಕಿತ್ತು — ಕಟ್ಟು ಅಂದದ್ದು ಯಾರಿಗೆ, ಕಟ್ಟಿಸಿದ್ದ ಅಂದಳೇ ಹೊರತು ಕಟ್ಟಿದವಳ ಹೆಸರು ಜಂಬಮ್ಮ ಬರೆಯಲಿಲ್ಲ, ಅಷ್ಟು ಜನ ಮೈಮೇಲೆ ಬಿದ್ದಾಗಲೂ ಬರೆಯಲಿಲ್ಲ. ಒಂದು ಸಾಲು ಬರೀರಿ ಅಂತಾಳೆ ಶಿವಲೀಲಾ, ಬರೆದದ್ದೈತಿ ತಾಯಿ, ಪಂಚಾಂಗದ ನಡುವೆ ಇನ್‌ಲ್ಯಾಂಡ್ ಕಾಗದ, ಜಂಬಕ್ಕಾ ಕಟ್ಟಿದಾಕಿ ನಾನ, ಅಷ್ಟೇ, ಮೂರು ತಿಂಗಳಿಂದ ಅಲ್ಲೇ — ಜೋಳ ಅರ್ಧಕ್ಕೇ ಬಿಟ್ಟು ಎದ್ದು ಕಾಗದ ತೆಗೆದುಕೊಂಡಳು, ಮೊಣಕಾಲು ನೋಯುತ್ತದೆ, ನೋಯಲಿ, ಓಣಿ ದಾಟಿದರೆ ಅಂಚೆಯ ಕೆಂಪು ಡಬ್ಬಿ, ಅದರ ಬಾಯಲ್ಲಿ ಕಾಗದ ಸಿಕ್ಕಿಕೊಂಡಿತು, ತಳ್ಳಿದಳು, ಒಳಗೆ ಬಿದ್ದ ಸದ್ದು, ಕೈ ಖಾಲಿ, ಖಾಲಿ ಕೈಯಲ್ಲಿ ಶಾಲೆಯ ಆ ರಾತ್ರಿ ಹಿಡಿದ ಜಂಬಮ್ಮನದೇ ಸೆರಗು, ಕಂಬ, ಗಂಟು, ಎಲ್ಲರೂ ನಗುತ್ತಿದ್ದರು, ತಾನೂ, ನಗುತ್ತಲೇ ಗಂಟು ಬಿಗಿಯಾಯಿತೋ ಇಲ್ಲವೋ ಎಂದು ಇನ್ನೊಂದು ಸಲ ಎಳೆದು ನೋಡಿದ್ದಳು