ಕೊನೇ ಸಾಲಿನ ಕುರ್ಚಿ

“ಕೇಳಿಸ್ತಿಲ್ಲ!” ಕೊನೇ ಸಾಲಿನಿಂದ ನಾಟಕದ ಮೇಷ್ಟ್ರು ಕೂಗಿದರು. “ಇನ್ನೂ ಜೋರಾಗಿ!”

ರಂಗದ ಮೇಲೆ ಅತ್ತೆಯ ಪಾತ್ರ ಮಾಡುತ್ತಿದ್ದ ಟೈಲರಮ್ಮ ಉಸಿರೆಳೆದುಕೊಂಡು, ಸೂರು ಹಾರಿಹೋಗುವಂತೆ ಕಿರುಚಿದಳು. “ಅಳಿಯಂದ್ರು ಮಲಗಿದಾರೆ, ಮೆಲ್ಲಗೆ ಮಾತಾಡ್ರೋ! ಎದ್ರೆ ಕೆಲಸಕ್ಕೆ ಬರ್ತಾರೆ, ಬಂದ್ರೆ ಇರೋ ಕೆಲಸಾನೂ ಕೆಡುತ್ತೆ!” ಉಳಿದ ನಟರು ನಕ್ಕರು. ಅವರನ್ನು ನೋಡಿ, ಒಂದು ಕ್ಷಣ ತಡವಾಗಿ, ಮೇಷ್ಟ್ರೂ ನಕ್ಕರು.

ಗೋಡೆಯಾಚೆಯಿಂದ ದಬದಬ ಬಡಿತ ಕೇಳಿಸಿತು. ಅಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಮಲಗಿದ್ದಳು. ಮಲಗಲು ಹೆಣಗುತ್ತಿದ್ದಳು ಅನ್ನುವುದೇ ಸರಿ. ಅವಳ ದೂರಿನ ಮೇಲೆ ನಗರಸಭೆಯವರು ನೋಟೀಸು ಅಂಟಿಸಿದ್ದರು: ಹದಿನೈದು ದಿನದಲ್ಲಿ ಸದ್ದು ಅಡಗದಿದ್ದರೆ ರಂಗಮಂದಿರಕ್ಕೆ ಬೀಗ. ಆಗಲೇ ಹನ್ನೊಂದು ದಿನ ಕಳೆದಿತ್ತು.

ಏಣಿಯ ಮೇಲಿದ್ದ ಬಡಗಿಗೆ ತಲೆ ಕೆಟ್ಟುಹೋಗಿತ್ತು. ಸದ್ದು ಹೊರಗೆ ಹೋಗದಂತೆ ಗೋಡೆಗೆ ಮರದ ಚೌಕಟ್ಟು ಹೊಡೆದು, ಒಳಗೆ ಮೆತ್ತೆ ತುರುಕಿ, ಮೇಲೆ ದಪ್ಪ ಹಲಗೆ ಜಡಿದು, ಬಾಗಿಲ ಸಂದಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದ. ಇಂಥ ಕೆಲಸ ಎಷ್ಟೋ ಕಡೆ ಮಾಡಿ ಸೈ ಅನ್ನಿಸಿಕೊಂಡವನು. ಇಲ್ಲಿ ಮಾತ್ರ ಗೋಡೆಗಳು ದನಿಯನ್ನು ನುಂಗಿದಷ್ಟೂ ಮೇಷ್ಟ್ರು ಇನ್ನೂ ಜೋರಾಗಿ ಅನ್ನುತ್ತಿದ್ದರು, ನಟರು ಇನ್ನೂ ಕಿರುಚುತ್ತಿದ್ದರು.

ಅವನ ಕೈಯಿಂದ ಸುತ್ತಿಗೆ ಜಾರಿತು. ಮೇಷ್ಟ್ರ ಕುರ್ಚಿಯ ಹಿಂದೆಯೇ ಧಡ್ಡನೆ ಬಿತ್ತು. ರಂಗದ ಮೇಲಿದ್ದವರೆಲ್ಲ ಬೆಚ್ಚಿದರು. ಮೇಷ್ಟ್ರ ತಲೆ ಅಲುಗಲಿಲ್ಲ.

ಬಡಗಿಗೆ ಥಟ್ಟನೆ ಅರ್ಥವಾಯಿತು. ಮೂವತ್ತು ವರ್ಷ ಗರಗಸದ ಯಂತ್ರದ ಪಕ್ಕ ನಿಂತು ಅವನ ಎಡಗಿವಿಯೂ ಹೋಗಿತ್ತು. ತುಟಿ ನೋಡುವುದು, ಎಲ್ಲದಕ್ಕೂ ಹ್ಞೂಂ ಅನ್ನುವುದು, ನಾಲ್ಕು ಜನ ನಕ್ಕ ಮೇಲೆ ನಗುವುದು, ಈ ವಿದ್ಯೆಯೆಲ್ಲ ಅವನಿಗೆ ಕರತಲಾಮಲಕ. ಹಾವಿನ ಹೆಜ್ಜೆ ಹಾವೇ ಬಲ್ಲದು.

ಚಹಾದ ವೇಳೆಗೆ ಮೇಷ್ಟ್ರ ಎದುರಿಗೆ, ತನ್ನ ಮುಖ ಅವರಿಗೆ ಕಾಣುವಂತೆ ಕೂತ. “ಮೇಷ್ಟ್ರೇ, ನನಗೆ ಎಡಗಿವಿ ಕೇಳಿಸಲ್ಲ. ಮನೆಯವಳಿಗೆ ಬಿಟ್ರೆ ಯಾರಿಗೂ ಹೇಳಿಲ್ಲ.”

ಮೇಷ್ಟ್ರು ಲೋಟ ಕೆಳಗಿಟ್ಟರು. “ನನ್ನವು ಎರಡೂ ಹೋಗ್ತಾ ಇವೆ ಕಣಪ್ಪ. ಕೊನೇ ಸಾಲಿನವನಿಗೂ ಕೇಳಿಸಬೇಕು ಅಂತ ನಲವತ್ತು ವರ್ಷ ಹೇಳಿಕೊಟ್ಟವನು ನಾನು. ಗೊತ್ತಾದ್ರೆ ಕೈಮುಗಿದು ಮನೆಗೆ ಕಳಿಸ್ತಾರೆ. ಮನೇಲಿ ಕೂತು ಏನು ಮಾಡಲಿ?”

ಬಡಗಿ ಚಹಾ ಮುಗಿಸಿ, ಕೊನೇ ಸಾಲಿನ ಕುರ್ಚಿಯ ಬುಡ ನೋಡಿ ಬಂದ.

ಮರುದಿನ ಅವನು ಕೊನೇ ಸಾಲಿನ ಆ ಕುರ್ಚಿಯ ಸ್ಕ್ರೂ ಬಿಚ್ಚಿ, ಎಲ್ಲಕ್ಕಿಂತ ಮುಂದೆ, ರಂಗದ ಅಂಚಿಗೇ ತಂದು ಕೂರಿಸಿದ. “ಹಿಂದಿನ ಗೋಡೆಗೆ ಇನ್ನೊಂದು ಪದರ ಬರುತ್ತೆ, ಅಲ್ಲಿ ಜಾಗ ಸಾಲಲ್ಲ” ಎಂದು ಟೈಲರಮ್ಮನಿಗೆ ಸುಳ್ಳು ಹೇಳಿದ.

ಸೆರಗಿಗೆ ಹೊಲಿಗೆ ಹಾಕುತ್ತಿದ್ದವಳು ದಾರವನ್ನು ಹಲ್ಲಲ್ಲಿ ಕಡಿದು ಅವನನ್ನೇ ನೋಡಿದಳು. “ಅಣ್ಣಾ, ನಮಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಬೀಗ ಬೀಳುತ್ತೆ ಅಂತ ಗೊತ್ತಿದ್ರೂ ಹಿಂಗೆ ಗಂಟಲು ಹರ್ಕೊಳ್ತಿರೋದು ಯಾಕೆ ಮತ್ತೆ? ಮುಂದೆ ಬಂದು ಕೂತ್ಕೊಳ್ಳಿ ಅಂತ ಅವರಿಗೆ ಹೇಳೋ ಬಾಯಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.”

ಮೇಷ್ಟ್ರು ಬಂದರು. ಕುರ್ಚಿ ಇದ್ದ ಜಾಗ ನೋಡಿದರು, ಬಡಗಿಯನ್ನು ನೋಡಿದರು, ಮುಂದೆ ಹೋಗಿ ಕೂತರು. ಟೈಲರಮ್ಮ ಅವರಿಗೆ ನೇರವಾಗಿ ನಿಂತು, ಕೊಂಚ ಬಗ್ಗಿ, ಪಕ್ಕದಲ್ಲಿ ನಿಜವಾಗಿಯೂ ಯಾರೋ ಮಲಗಿದ್ದಾರೆ ಎಂಬಂತೆ ಮೆಲುದನಿಯಲ್ಲಿ ಹೇಳಿದಳು. “ಅಳಿಯಂದ್ರು ಮಲಗಿದಾರೆ, ಮೆಲ್ಲಗೆ ಮಾತಾಡ್ರೋ. ಎದ್ರೆ ಕೆಲಸಕ್ಕೆ ಬರ್ತಾರೆ, ಬಂದ್ರೆ ಇರೋ ಕೆಲಸಾನೂ ಕೆಡುತ್ತೆ.”

ಮೇಷ್ಟ್ರು ನಕ್ಕರು, ಎಲ್ಲರಿಗಿಂತ ಮೊದಲು.

ಗೋಡೆಯಾಚೆ ಸದ್ದಿರಲಿಲ್ಲ. ಬಡಗಿ ಕೊನೇ ಸಾಲಿನಲ್ಲಿ ಮಂಡಿಯೂರಿ, ಮರದ ಪುಡಿಗೆ ಅಂಟು ಕಲಸಿ, ಕುರ್ಚಿಯ ಸ್ಕ್ರೂ ಕಿತ್ತಲ್ಲಿ ನೆಲದ ಹಲಗೆಯಲ್ಲಿ ಉಳಿದಿದ್ದ ನಾಲ್ಕು ತೂತುಗಳನ್ನು ಒಂದೊಂದಾಗಿ ಮುಚ್ಚಿದ.