ಮೌಲಾಬಿಯ ಆಯೇರಿ

ಗೋವಾದ ವಾಸ್ಕೋದಲ್ಲಿ ಕನ್ನಡ ಕೂಲಿಕಾರರ ನಾಟಕ ಸಂಘ ಅಜ್ಜಂದಿರ ಕಾಲದ ಸಂಗೀತ ಹಾಸ್ಯ ನಾಟಕವೊಂದನ್ನು ಆಡುತ್ತಿತ್ತು. ಗಯ್ಯಾಳಿ ಅತ್ತೆಯ ಪಾತ್ರ ಲಾರಿ ಡ್ರೈವರ್ ಪರ್ವೇಜನದು. ಪಾತ್ರಕ್ಕಾಗಿ ಮೀಸೆ ಬೋಳಿಸಿದ್ದ. ಮಾನ ಬೋಳಿಸಿಕೊಳ್ಳುವುದು ಬಾಕಿಯಿತ್ತು.

ಪಾತ್ರದ ಧ್ವನಿಯನ್ನು ಅವನು ತನ್ನ ಸ್ವಂತ ಅತ್ತೆ ಮೌಲಾಬಿಯಿಂದಲೇ ಕದ್ದಿದ್ದ. ಮೂಗಿನಲ್ಲಿ ಎಳೆಯುವ ರಾಗ, ಎಲೆಅಡಿಕೆ ಜಗಿಯುವ ದವಡೆ, ಎಲ್ಲ ಅಚ್ಚು ಹೊಡೆದ ಹಾಗೆ. ಆಕೆ ಇರುವುದು ಸಾವರ್ಡೆಯಲ್ಲಿ, ಬರುವುದಿಲ್ಲ ಎಂಬ ಧೈರ್ಯ. ಜಗಳವಾಡಿಕೊಂಡು ಹೆಂಡತಿ ಸೋಫಿಯಾ ಅಲ್ಲಿಯೇ, ತವರಿಗೆ ಹೋಗಿ ಕೂತಿದ್ದಳು. ನಾಟಕ ಮುಗಿದ ಮೇಲೆ ಹೋಗಿ ಹೇಗಾದರೂ ಮಾಡಿ ಕರೆತರಬೇಕು. ಮನೆ ಬಿಕೋ ಎನ್ನುತ್ತಿತ್ತು.

ಹಾಡಿಗೆ "ಒನ್ಸ್ ಮೋರ್" ಬಿದ್ದದ್ದೇ ತಡ, ಮ್ಯಾನೇಜರ್ ಕೇಶಪ್ಪ ಮೈಕು ಹಿಡಿದ. "ತಡೀರಿ ತಡೀರಿ! ಈ ಕಲಾವಿದಗ ಸಾವರ್ಡೆ ಮೌಲಾಬಿಯವರಿಂದ ಆಯೇರಿ!"

ಮೆಚ್ಚಿದವರು ನಾಟಕ ನಿಲ್ಲಿಸಿ, ರಂಗವೇರಿ ಉಡುಗೊರೆ ಕೊಡುವುದು ಪದ್ಧತಿ. ಪರ್ವೇಜನ ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಮುಂದಿನ ಸಾಲಿನಲ್ಲಿ ಸೋಫಿಯಾ! ಮೆಟ್ಟಿಲ ಮೇಲೆ ಮೌಲಾಬಿ!

ಆಕೆ ಅವನ ಹೆಗಲಿಗೆ ಟವೆಲ್ ಹೊದಿಸಿದಳು. "ಭಾಳ ಚಲೋ ಮಾಡಾಕತ್ತಿ ಅಳಿಯಾ. ಈಗ ನಂದೂ ಒಂದೀಟು ಕೇಳು," ಎಂದು ಮೈಕು ಕಸಿದುಕೊಂಡಳು.

"ಏ ಸೋಫಿಯಾ! ಇದಕ್ಕ ಚಾ ಅಂತಾರೇನ? ಒಯ್ದು ಎಮ್ಮಿಗೆ ಕುಡಸು!"

ಅದು ಪರ್ವೇಜನದೇ ಗಂಟಲು! ಮಾತಿಗೊಮ್ಮೆ ಹಾರಿಸುವ ಬಲಭುಜ ಕೂಡ ಅವನದೇ! ಜನ ಸಿಳ್ಳೆ ಹೊಡೆದರು.

"ನಿಮ್ಮವ್ವ ಹಡದು ನನ್ನ ತಲಿಗೆ ಕಟ್ಟ್ಯಾಳ. ಬಾಗಲಾ ತಗದೈತಿ, ನಡಿ ಹೊರಗ!"

ಜಗಳದ ದಿನ ಅವನು ಆಡಿದ ಮಾತು, ಒಂದಕ್ಷರ ಆಚೀಚೆಯಿಲ್ಲ. ಮೊದಲು ಹೆಂಗಸರ ನಗು ನಿಂತಿತು, ಆಮೇಲೆ ಗಂಡಸರದು. ಇಷ್ಟು ಹೊಲಸಾಗಿ ಕೇಳಿಸುತ್ತದೆಯೇ ತನ್ನ ದನಿ? ಊರವರನ್ನೆಲ್ಲ ಅಣಕಿಸಿದವನು ತನ್ನನ್ನೇ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

"ನಡಸಪ್ಪಾ ನಿನ್ನ ನಾಟಕ," ಎಂದು ಮೌಲಾಬಿ ಕೆಳಗಿಳಿದಳು.

ಹಾರ್ಮೋನಿಯಂ ಸ್ವರ ಕೊಟ್ಟಿತು. ಪರ್ವೇಜನಿಗೆ ಅತ್ತೆಯ ಧ್ವನಿ ಹೊರಡಲೇ ಇಲ್ಲ.

"ಸೋಫಿಯಾ... ತಪ್ಪಾತು. ಮನಿಗೆ ಬಾ."

ಡೈಲಾಗೇ ಇರಬೇಕೆಂದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಸೋಫಿಯಾ ಎದ್ದು ನಿಂತಳು.

"ಇದ ಯಾರ ಧ್ವನಿ ಮಾಡಾಕತ್ತಿ?"

ಅವನು ತಲೆಯ ಮೇಲಿನ ಸುಳ್ಳುಕೂದಲಿನ ಟೋಪನ್ ಕಿತ್ತು ಕೈಯಲ್ಲಿ ಹಿಡಿದುಕೊಂಡು ರಂಗದಿಂದ ಇಳಿದ. "ನಂದ ಐತಿ," ಎಂದ. ಮೈಕಿಲ್ಲದೆ ಅದು ಮುಂದಿನ ಸಾಲಿಗಷ್ಟೇ ಕೇಳಿಸಿತು.

ಸೋಫಿಯಾ ತಾಯಿಯ ಕಡೆ ತಿರುಗಿದಳು. "ಖರೇನ ಅಮ್ಮಾ?"

ಮೌಲಾಬಿ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ಅಳಿಯನ ಮುಖವನ್ನೇ ದಿಟ್ಟಿಸಿದಳು. "ಯಾರಿಗೊತ್ತವಾ. ಇದನ್ನ ನಾ ಎಂದೂ ಕೇಳಿಲ್ಲ."

ಸೋಫಿಯಾ ಮತ್ತೆ ಕೂತು, ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಅವನಿಗೆ ಜಾಗ ಬಿಟ್ಟಳು.